ಜಜೀರತ್ ಅಲ್ ಹಮ್ರಾ: ಜಿನ್‌ಗಳ ಪಾಲಾದ ಮುತ್ತಿನ ಊರು

ಸಂಯುಕ್ತ ಅರಬ್ ಎಮಿರೇಟ್ಸ್‌ನ ಉತ್ತರ ಭಾಗದಲ್ಲಿ, ರಾಸ್ ಅಲ್ ಖೈಮಾ ನಗರದಿಂದ ನೈಋತ್ಯಕ್ಕೆ ಸುಮಾರು 20 ಕಿ.ಮೀ. ದೂರದ ಕಡಲಂಚಿನಲ್ಲಿ ಜಜೀರತ್ ಅಲ್ ಹಮ್ರಾ, ಅಂದರೆ ಕೆಂಪು ದ್ವೀಪ, ಎಂಬ ಹಾಳೂರಿದೆ. ಒಂದು ಕೋಟೆ, ಕಾವಲು ಗೋಪುರ, ಮಸೀದಿಗಳು, ಪೇಟೆಬೀದಿ, ಮುತ್ತಿನ ವ್ಯಾಪಾರಿಗಳ ಅಂಗಳದ ಮನೆಗಳು, ಅವುಗಳ ನಡುವೆ ಮರಳು ತುಂಬಿದ ಓಣಿಗಳು: ಇಷ್ಟೂ ಜನರಿಲ್ಲದೆ ಅರ್ಧ ಶತಮಾನ ಕಳೆದಿವೆ. ದುಬೈ, ಅಬುಧಾಬಿಗಳಲ್ಲಿ ದೆವ್ವದ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಇದೇ. ಸ್ಥಳೀಯರ ಮಾತಿನಲ್ಲಿ ಇಲ್ಲಿರುವುದು ಸತ್ತವರ ಆತ್ಮವಲ್ಲ, ಜಿನ್. ಒಂದೇ ರಾತ್ರಿಯಲ್ಲಿ ಜಿನ್‌ಗಳು ಊರಿನವರನ್ನು ಓಡಿಸಿದವು ಎಂಬ ಕಥೆ ಪ್ರವಾಸಿಗರ ಬಾಯಲ್ಲಿ ಗಟ್ಟಿಯಾಗಿ ನಿಂತಿದೆ. ದಾಖಲೆಗಳು ಹೇಳುವುದು ಬೇರೆ. ಊರು ಬರಿದಾದದ್ದು ಮುತ್ತಿನ ವ್ಯಾಪಾರದ ಕುಸಿತ, ಆಳರಸರೊಡನೆ ಬಂದ ವಿರಸ ಮತ್ತು ಅಬುಧಾಬಿಯ ಎಣ್ಣೆಯ ಸೆಳೆತದಿಂದ. ಜಿನ್‌ಗಳು ಬಂದದ್ದು ಆಮೇಲೆ.

ದ್ವೀಪ, ಕುಲ, ಕೋಟೆ

ಈ ಊರು ಮೊದಲು ನಿಜಕ್ಕೂ ದ್ವೀಪವೇ ಆಗಿತ್ತು. ಭರತದಲ್ಲಿ ನೀರು ಸುತ್ತುವರಿಯುತ್ತಿತ್ತು, ಇಳಿತದಲ್ಲಿ ದಡಕ್ಕೆ ನಡೆದುಹೋಗಬಹುದಿತ್ತು. ಕಾಲಕ್ರಮದಲ್ಲಿ ನಡುವಣ ಅಳಿವೆ ತುಂಬಿ ಅದು ನೆಲದೊಡನೆ ಕೂಡಿಕೊಂಡಿತು. ಇಲ್ಲಿ ನೆಲೆಸಿದ್ದವರು ಜಾಬ್ ಕುಲದವರು. ಅದರಿಂದಲೇ ಹಳೆಯ ಬರಹಗಳಲ್ಲಿ ಜಜೀರತ್ ಅಲ್ ಜಾಬ್ ಎಂಬ ಹೆಸರೂ ಕಾಣುತ್ತದೆ. ಉತ್ತರದಲ್ಲಿ ಉಮ್ಮ್ ಅವೈಮಿರ್ ಎಂಬ ಚಿಕ್ಕ ಕೇರಿ, ದಕ್ಷಿಣದಲ್ಲಿ ಮನಾಖ್ ಎಂಬ ದೊಡ್ಡ ಕೇರಿ, ಹೀಗೆ ಊರು ಎರಡು ಪಾಲಾಗಿತ್ತು. ಜಾಬ್ ಕುಲಕ್ಕೆ ಒಳನಾಡಿನ ಖತ್ತ್‌ನಲ್ಲಿ ಖರ್ಜೂರದ ತೋಟಗಳಿದ್ದವು. ಕಡಲಿನಿಂದ ಹಣ, ತೋಟದಿಂದ ಹಣ್ಣು, ಎರಡೂ ಸೇರಿ ಕುಲದ ಬದುಕು.

ಮನೆಗಳನ್ನು ಕಟ್ಟಿದ ಸಾಮಗ್ರಿಯಲ್ಲಿ ಹೆಚ್ಚಿನದು ಕಡಲಿನದೇ. ಆಳವಿಲ್ಲದ ನೀರಿನಿಂದ ತೆಗೆದ ಹವಳದ ಕಲ್ಲು, ದಂಡೆಯಲ್ಲಿ ಸಿಗುವ ಮರಳುಗಲ್ಲು, ಗಾರೆ, ಮಾಡಿಗೆ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿದ್ದ ಕಾಂಡ್ಲಾ ಮರದ ಜಂತೆಗಳು, ಅವುಗಳ ಮೇಲೆ ಖರ್ಜೂರದ ಗರಿಯ ಚಾಪೆ ಮತ್ತು ಮಣ್ಣು. ಕಾಂಡ್ಲಾ ಜಂತೆಗಳ ಉದ್ದಕ್ಕೆ ಮಿತಿಯಿದ್ದದ್ದರಿಂದ ಕೋಣೆಗಳು ಅಗಲವಾಗದೆ ನೀಳವಾಗಿಯೇ ಉಳಿದವು. ಹಣವಂತರ ಮನೆಗಳ ಮೇಲೆ ಗಾಳಿಗೋಪುರ, ಅಂದರೆ ಬರ್ಜೀಲ್, ಎದ್ದಿತ್ತು. ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಏರ್ಪಾಡು ಅದು. ಮಸೀದಿಯೊಂದಕ್ಕೆ ಮೇಲೇರಿದಂತೆ ಸಪೂರವಾಗುವ ಮಿನಾರಿದೆ. ಕೋಟೆಯೂ ಇದೇ ಸಾಮಗ್ರಿಯದು. ಅದರ ಕೆಲಸ ಕಡಲ ಕಡೆಯಿಂದಲೂ ಮರಳುಗಾಡಿನ ಕಡೆಯಿಂದಲೂ ಬರಬಹುದಾದ ದಾಳಿಯ ಮೇಲೆ ಕಣ್ಣಿಡುವುದು.

ಆ ಕೋಟೆಯ ಕಾಲದಲ್ಲಿ ದಾಳಿಯ ಭಯ ಬರಿ ಕಲ್ಪನೆಯಾಗಿರಲಿಲ್ಲ. ರಾಸ್ ಅಲ್ ಖೈಮಾದ ಕಾಸಿಮಿ ಅರಸರಿಗೂ ಬ್ರಿಟಿಷರಿಗೂ ಕಡಲ ಹಾದಿಯ ಮೇಲಿನ ಹಿಡಿತಕ್ಕಾಗಿ ಜಗಳವಿತ್ತು. 1819ರ ನವೆಂಬರಿನಲ್ಲಿ ಮುಂಬಯಿಯಿಂದ ಸರ್ ವಿಲಿಯಂ ಕೀರ್ ಗ್ರಾಂಟ್‌ನ ನಾಯಕತ್ವದಲ್ಲಿ ಸುಮಾರು 3,000 ಸೈನಿಕರ ಪಡೆ ಹೊರಟಿತು. ಡಿಸೆಂಬರ್ 9ರಂದು ರಾಸ್ ಅಲ್ ಖೈಮಾ ಬಿದ್ದಿತು. ಡಿಸೆಂಬರ್ 22ರಂದು ಬೆಟ್ಟದ ಮೇಲಣ ಧಾಯಾ ಕೋಟೆ ಶರಣಾಯಿತು. ಅಲ್ಲಿಂದ ತೀರದುದ್ದಕ್ಕೂ ಸಾಗಿದ ಪಡೆ ಜಜೀರತ್ ಅಲ್ ಹಮ್ರಾಕ್ಕೆ ಬಂದಾಗ ಊರಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಸುದ್ದಿ ಮೊದಲೇ ತಲುಪಿತ್ತು, ಜನ ಜಾಗ ಬಿಟ್ಟಿದ್ದರು. 1820ರ ಜನವರಿಯ ಸಾಮಾನ್ಯ ಒಪ್ಪಂದಕ್ಕೆ ಸಹಿ ಹಾಕಿದ ಮುಖಂಡರಲ್ಲಿ ಈ ಊರಿನ ಶೇಖನೂ ಇದ್ದ. ಓಡಿಹೋದವರು ಮರಳಿದರು, ಮತ್ತೆ ಕಟ್ಟಿದರು. 1830ರ ದಶಕದ ಆರಂಭದ ಅಂದಾಜಿನಲ್ಲಿ ಇಲ್ಲಿನ ಜನಸಂಖ್ಯೆ ನಾಲ್ಕು ಸಾವಿರ ದಾಟಿತ್ತು.

ಮುತ್ತಿನ ಕಾಲ

ಬ್ರಿಟಿಷ್ ಅಧಿಕಾರಿ ಜೆ.ಜಿ. ಲಾರಿಮರ್ 20ನೇ ಶತಮಾನದ ಆರಂಭದಲ್ಲಿ ಸಂಗ್ರಹಿಸಿದ ಗೆಜೆಟಿಯರಿನ ಪ್ರಕಾರ ಊರಿನಲ್ಲಿ ಸುಮಾರು 500 ಮನೆಗಳಿದ್ದವು. ಮುತ್ತಿಗೆ ಹೋಗುವ ದೋಣಿಗಳು 25ರಷ್ಟಿದ್ದವು. ಮುತ್ತಿನ ಸುಗ್ಗಿ ಬೇಸಿಗೆಯ ನಾಲ್ಕು ತಿಂಗಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ದೋಣಿಯ ಯಜಮಾನ ನಾಖುದಾ. ಮುಳುಗುವವನು ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ, ಕೊರಳಿಗೆ ಬಲೆಯ ಚೀಲ ಹಾಕಿಕೊಂಡು ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದವನು ಸನ್ನೆ ಸಿಕ್ಕೊಡನೆ ಎಳೆಯುತ್ತಿದ್ದ. ದೊಡ್ಡ ದೋಣಿಗಳಲ್ಲಿ ದುಡಿತಕ್ಕೆ ಲಯ ಕೊಡಲು ಹಾಡುಗಾರನೂ ಇರುತ್ತಿದ್ದ. ಸುಗ್ಗಿಗೆ ಮುನ್ನ ಮನೆಖರ್ಚಿಗೆಂದು ಮುಂಗಡ ಪಡೆದ ಆಳು ವರ್ಷದ ಕೊನೆಗೆ ಸಾಲದಲ್ಲೇ ಉಳಿಯುವುದು ಸಾಮಾನ್ಯ. ಗಂಡಸರು ಕಡಲಿನಲ್ಲಿದ್ದಾಗ ತೀರದ ಊರುಗಳ ಹೆಂಗಸರು, ಮಕ್ಕಳು, ಮುದುಕರು ಸೆಕೆ ತಾಳದೆ ಒಳನಾಡಿನ ತೋಟಗಳಿಗೆ ಹೋಗುವ ರೂಢಿಯಿತ್ತು. ಹೀಗೆ ಪ್ರತಿ ಬೇಸಿಗೆಯಲ್ಲೂ ಇಂಥ ಊರುಗಳ ಓಣಿಗಳು ಅರ್ಧ ಬರಿದಾಗುತ್ತಿದ್ದವು.

ಮುತ್ತಿನ ದೊಡ್ಡ ಮಾರುಕಟ್ಟೆ ಮುಂಬಯಿ. ಕೊಲ್ಲಿಯ ವ್ಯಾಪಾರಿ ಅಲ್ಲಿ ಮುತ್ತು ಮಾರಿ ಅಕ್ಕಿ, ಬಟ್ಟೆ, ಮಸಾಲೆ ತರುತ್ತಿದ್ದ. ದೋಣಿ ಕಟ್ಟುವ ತೇಗ ಭಾರತದ ಪಶ್ಚಿಮ ಕರಾವಳಿಯಿಂದ ಬರುತ್ತಿತ್ತು. ಕೈಯಲ್ಲಿ ಆಡುತ್ತಿದ್ದ ಹಣ ಭಾರತದ ರೂಪಾಯಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿಗಾಗಿಯೇ ಬೇರೆ ರೂಪಾಯಿ ನೋಟು ಹೊರಡಿಸಿತು, 1966ರ ರೂಪಾಯಿ ಅಪಮೌಲ್ಯದವರೆಗೂ ಅದು ಚಲಾವಣೆಯಲ್ಲಿತ್ತು.

ಊರು ಬರಿದಾದ ಬಗೆ

1920ರ ದಶಕದಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿಯ ಕೃಷಿ ಮುತ್ತುಗಳು ಲೋಕದ ಪೇಟೆಗೆ ನುಗ್ಗಿದವು. 1929ರ ಆರ್ಥಿಕ ಕುಸಿತ ಐಷಾರಾಮದ ವಸ್ತುಗಳ ಬೇಡಿಕೆಯನ್ನೇ ಹೊಸಕಿಹಾಕಿತು. ಒಂದು ತಲೆಮಾರಿನೊಳಗೆ ಕೊಲ್ಲಿಯ ಮುತ್ತಿನ ಪಡೆಗಳು ಕರಗಿದವು. ಸಾಲದಲ್ಲಿ ಮುಳುಗಿದ ನಾಖುದಾರು ದೋಣಿಗಳನ್ನು ಮಾರಿದರು. ಯುವಕರು ಕುವೈತ್, ಕತಾರ್, ಸೌದಿಗಳ ಎಣ್ಣೆಯ ಕೆಲಸ ಹುಡುಕಿ ಹೊರಟರು. ಅಬುಧಾಬಿಯಲ್ಲಿ ಎಣ್ಣೆ ಸಿಕ್ಕಿದ್ದು 1958ರಲ್ಲಿ, ರಫ್ತು ಆರಂಭವಾದದ್ದು 1962ರಲ್ಲಿ. 1966ರ ಆಗಸ್ಟ್‌ನಲ್ಲಿ ಶೇಖ್ ಜಾಯೆದ್ ಬಿನ್ ಸುಲ್ತಾನ್ ಅಲ್ ನಹ್ಯಾನ್ ಅಬುಧಾಬಿಯ ಅರಸನಾದ ಮೇಲೆ ಆ ಹಣ ಮನೆ, ಶಾಲೆ, ಆಸ್ಪತ್ರೆ, ರಸ್ತೆಗಳಾಗಿ ಹರಿಯತೊಡಗಿತು. ರಾಸ್ ಅಲ್ ಖೈಮಾದಲ್ಲಿ ಅಂಥ ಎಣ್ಣೆ ಇರಲಿಲ್ಲ.

1968ರಲ್ಲಿ ಜಾಬ್ ಕುಲಕ್ಕೂ ರಾಸ್ ಅಲ್ ಖೈಮಾದ ಅರಸ ಶೇಖ್ ಸಕ್ರ್ ಬಿನ್ ಮೊಹಮ್ಮದ್ ಅಲ್ ಕಾಸಿಮಿಗೂ ವಿರಸ ಬಂದಿತು. ಶೇಖ್ ಜಾಯೆದರ ಆಶ್ರಯದಲ್ಲಿ ಕುಲದ ಬಹುಪಾಲು ಜನ ಅಬುಧಾಬಿಗೆ ಹೊರಟರು. ಬ್ರಿಟಿಷರು ಕೊಲ್ಲಿಯಿಂದ ಹಿಂದೆ ಸರಿಯುವುದಾಗಿ ಸಾರಿದ್ದು ಆ ವರ್ಷದ ಜನವರಿಯಲ್ಲೇ, ಅಬುಧಾಬಿ ಮತ್ತು ದುಬೈ ಅರಸರು ಒಕ್ಕೂಟದ ಮಾತಿಗೆ ಕೈಜೋಡಿಸಿದ್ದು ಫೆಬ್ರುವರಿಯಲ್ಲಿ. ನಾಡಿನ ಗಡಿಗಳೂ ನಿಷ್ಠೆಗಳೂ ಹೊಸದಾಗಿ ಹೊಂದಿಕೊಳ್ಳುತ್ತಿದ್ದ ಹೊತ್ತು ಅದು. ಅಬುಧಾಬಿ ನಗರದಲ್ಲಿ ಅಲ್ ಜಾಬ್ ಎಂಬ ಬಡಾವಣೆಯಿದೆ. ಅಲ್ ಜಾಬಿ ಎಂಬ ಮನೆತನದ ಹೆಸರು ಇಂದು ಅಲ್ಲಿನ ಕಚೇರಿ, ಕಾಲೇಜು, ಸೈನ್ಯಗಳಲ್ಲಿ ಸಾಮಾನ್ಯ. ಊರಿನವರು ಎಲ್ಲಿಗೆ ಹೋದರು ಎಂಬುದರಲ್ಲಿ ಹೀಗೆ ಯಾವ ನಿಗೂಢವೂ ಇಲ್ಲ. 1819ರಲ್ಲಿ ಹೋದವರು ಮರಳಿ ಬಂದಿದ್ದರು, ಬೇಸಿಗೆಗೆ ಹೋದವರು ಪ್ರತಿ ವರ್ಷ ಮರಳುತ್ತಿದ್ದರು. 1968ರಲ್ಲಿ ಹೋದವರು ಮಾತ್ರ ಮರಳಿ ಸಂಸಾರ ಹೂಡಲಿಲ್ಲ.

ಜಿನ್ ಎಂಬ ನಂಬಿಕೆ

ಬರಿದಾದ ಮನೆಗೆ ಜಿನ್ ಬರುವುದು ಅರಬ್ ನಂಬಿಕೆಯಲ್ಲಿ ಸಹಜವಾದ ಮಾತು. ಕುರ್‌ಆನ್ ಪ್ರಕಾರ ಮನುಷ್ಯ ಮಣ್ಣಿನಿಂದಾದರೆ ಜಿನ್ ಹೊಗೆಯಿಲ್ಲದ ಬೆಂಕಿಯಿಂದಾದ ಜೀವಿ. ಅದರ 72ನೇ ಅಧ್ಯಾಯದ ಹೆಸರೇ ಅಲ್ ಜಿನ್. ಜಿನ್‌ಗಳಲ್ಲೂ ಒಳ್ಳೆಯವು, ಕೆಟ್ಟವು, ಆಸ್ತಿಕರು, ನಾಸ್ತಿಕರು ಉಂಟು. ಹುಟ್ಟು, ಮದುವೆ, ಸಾವು ಎಲ್ಲ ಅವಕ್ಕೂ ಇವೆ. ಇಸ್ಲಾಮಿಗೂ ಮುಂಚೆ, ಮರಳುಗಾಡಿನಲ್ಲಿ ರಾತ್ರಿ ತಂಗುವ ದಾರಿಗ ಆ ಕಣಿವೆಯ ಒಡೆಯನಾದ ಜಿನ್‌ನಲ್ಲಿ ರಕ್ಷೆ ಬೇಡುತ್ತಿದ್ದ. ಆ ರೂಢಿಯ ಪ್ರಸ್ತಾಪ ಇದೇ ಅಧ್ಯಾಯದಲ್ಲಿದೆ. ಬಾವಿ, ಗುಹೆ, ಸ್ಮಶಾನ, ಹಾಳು ಮನೆ ಜಿನ್‌ಗಳಿಗೆ ಪ್ರಿಯವಾದ ಜಾಗಗಳು. ಅಂಥಲ್ಲಿಗೆ ಕಾಲಿಡುವಾಗ, ಬಿಸಿನೀರು ಚೆಲ್ಲುವಾಗ ದೇವರ ಹೆಸರು ಹೇಳುವುದು ಹಿರಿಯರು ಕಲಿಸಿದ ನಡವಳಿಕೆ, ಕಾಣದ ನಿವಾಸಿಗೆ ನೋವಾಗದಿರಲಿ ಎಂದು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕನ್ನಡನಾಡಿನ ದೆವ್ವ ಸಾಮಾನ್ಯವಾಗಿ ಅಕಾಲದಲ್ಲಿ ಸತ್ತ ಮನುಷ್ಯನದು. ಆಸೆ ತೀರದ ಬಾಣಂತಿ, ಬಾವಿಗೆ ಬಿದ್ದ ಸೊಸೆ, ಕೊಲೆಯಾದ ದಾರಿಹೋಕ, ಹೀಗೆ ಪ್ರತಿ ದೆವ್ವಕ್ಕೂ ಒಂದು ಸಾವಿನ ಕಥೆ ಬೇಕು. ಜಿನ್‌ಗೆ ಅದು ಬೇಡ. ಅದು ಎಂದೂ ಮನುಷ್ಯನಾಗಿರಲಿಲ್ಲ, ಖಾಲಿ ಜಾಗ ಸಿಕ್ಕರೆ ಸಾಕು. ಜಜೀರತ್ ಅಲ್ ಹಮ್ರಾದ ಕಥೆಗಳಲ್ಲಿ ದೊಡ್ಡ ಕೊಲೆಯಾಗಲಿ ಶಾಪವಾಗಲಿ ಇಲ್ಲದಿರುವುದಕ್ಕೆ ಕಾರಣ ಇದು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಇಲ್ಲಿ ಜಿನ್‌ಗೆ ಒಪ್ಪುತ್ತದೆ. ದಕ್ಷಿಣ ಏಷ್ಯಾದ ವಲಸಿಗರೂ ಪಾಶ್ಚಾತ್ಯ ಪ್ರವಾಸಿಗರೂ ಕಥೆಯನ್ನು ತಮ್ಮ ನುಡಿಗೆ ಇಳಿಸಿಕೊಂಡಾಗ ಅದಕ್ಕೆ ಸತ್ತವರು ಸೇರಿಕೊಂಡರು, ಆತ್ಮಗಳ ಅಳು ಸೇರಿಕೊಂಡಿತು.

ಕಡಲಿನ, ಮರಳಿನ ಕಥಾಪಾತ್ರಗಳು

ಎಮಿರೇಟ್ಸ್‌ನ ಇಂಥ ಕಾಲ್ಪನಿಕ ಜೀವಿಗಳ ಕಥೆಗಳನ್ನು ಶಾರ್ಜಾದ ಜನಪದ ವಿದ್ವಾಂಸ ಅಬ್ದುಲ್ ಅಜೀಜ್ ಅಲ್ ಮುಸಲ್ಲಂ ಕೋಶವಾಗಿ ಸಂಗ್ರಹಿಸಿದ್ದಾರೆ. ಅವುಗಳಲ್ಲಿ ಹೆಚ್ಚು ಹೆಸರಾದವಳು ಉಮ್ಮ್ ಅಲ್ ದುವೈಸ್. ಕಡುಚೆಲುವೆ, ಚಿನ್ನ ತೊಟ್ಟವಳು, ಅವಳು ಬರುವ ಮೊದಲೇ ಅತ್ತರಿನ ಪರಿಮಳ ಬರುತ್ತದೆ. ರಾತ್ರಿ ಒಂಟಿಯಾಗಿ ಓಡಾಡುವ ಗಂಡಸು ಆ ಪರಿಮಳದ ಹಿಂದೆ ಹೋದರೆ ಅವಳ ನಿಜರೂಪ ತೆರೆದುಕೊಳ್ಳುತ್ತದೆ: ಕೈಗಳ ಜಾಗದಲ್ಲಿ ಕುಡುಗೋಲು, ಕತ್ತೆಯ ಕಾಲು, ಬೆಕ್ಕಿನ ಕಣ್ಣು. ಕನ್ನಡದ ಮೋಹಿನಿಗೂ ಇವಳಿಗೂ ನಂಟು ಹುಡುಕುವುದು ಕಷ್ಟವೇನಲ್ಲ. ಮನೆ ಬಿಟ್ಟು ಅಲೆಯುವ ಗಂಡಸನ್ನು ಅಂಜಿಸುವ ಕೆಲಸ ಇಬ್ಬರದೂ ಹೌದು.

ಬಾಬಾ ದರ್ಯಾ ಕಡಲಿನವನು. ರಾತ್ರಿ ಲಂಗರು ಹಾಕಿದ ಮುತ್ತಿನ ದೋಣಿಯ ಬಳಿ ಮುಳುಗುತ್ತಿರುವವನಂತೆ ಕೂಗಿ ಕರೆಯುತ್ತಾನೆ. ಕರುಣೆಯಿಂದ ಹತ್ತಿಸಿಕೊಂಡರೆ ಆಹಾರ ಕದಿಯುತ್ತಾನೆ, ದೋಣಿ ಕೆಡಿಸುತ್ತಾನೆ, ನಿದ್ದೆಯಲ್ಲಿದ್ದವನನ್ನು ಎಳೆದೊಯ್ಯುತ್ತಾನೆ. ಗರಗಸ ತನ್ನಿ, ಬಾಚಿ ತನ್ನಿ ಎಂದು ನಾವಿಕರು ಕೂಗಿದರೆ ಹೆದರಿ ನೀರಿಗೆ ಹಾರುತ್ತಾನೆ ಎಂಬ ನಂಬಿಕೆಯಿತ್ತು. ಈ ಕಥೆ ಇರುಳಿನಲ್ಲಿ ಕಾವಲಿನವನು ತೂಕಡಿಸದಂತೆ ನೋಡಿಕೊಳ್ಳುತ್ತಿತ್ತು. ಕಣ್ಮರೆಯಾದ ಆಳಿಗೆ, ಕಳುವಾದ ಖರ್ಜೂರಕ್ಕೆ ಕಾರಣವನ್ನೂ ಒದಗಿಸುತ್ತಿತ್ತು. ಹುಮಾರತ್ ಅಲ್ ಗೈಲಾ ಉರಿಬಿಸಿಲಿನ ಕತ್ತೆ. ನಡುಹಗಲಿನಲ್ಲಿ ಮನೆಯಿಂದ ಹೊರಗೆ ಕಾಲಿಟ್ಟ ಮಕ್ಕಳನ್ನು ಹಿಡಿಯುವುದು ಅದರ ಕೆಲಸ. ನೆರಳಿನಲ್ಲೂ 45 ಡಿಗ್ರಿ ದಾಟುವ ನಾಡಿನಲ್ಲಿ ಮಕ್ಕಳನ್ನು ಒಳಗಿರಿಸಲು ಇದಕ್ಕಿಂತ ಪರಿಣಾಮಕಾರಿ ಉಪಾಯ ತಾಯಂದಿರಿಗೆ ಬೇರೆ ಇರಲಿಲ್ಲ. ಹೊರ್ಮುಜ್ ಜಲಸಂಧಿಯ ಬಾಯಲ್ಲಿ ಸಲಾಮಾ ಮತ್ತು ಅವಳ ಹೆಣ್ಣುಮಕ್ಕಳು ಎಂದು ಕರೆಸಿಕೊಳ್ಳುವ ಬಂಡೆದ್ವೀಪಗಳಿವೆ. ಅಲ್ಲಿನ ಸುಳಿಗಳು ಹಡಗು ನುಂಗುವ ಜಿನ್ ಹೆಂಗಸರೆಂದು ನಾವಿಕರು ನಂಬಿದ್ದರು.

ಈ ಪಾತ್ರಗಳೆಲ್ಲ ಊರು ತುಂಬಿದ್ದ ಕಾಲದವು. ಅಜ್ಜಿಯ ಬಾಯಲ್ಲಿ, ದೋಣಿಯ ಅಟ್ಟದ ಮೇಲೆ, ಮಸೀದಿಯ ಪಕ್ಕದ ಕಟ್ಟೆಯಲ್ಲಿ ಹುಟ್ಟಿ ಬೆಳೆದವು. ಕೇಳುವ ಜನ ಅಬುಧಾಬಿಗೆ ಹೋದ ಮೇಲೆ ಕಥೆಗಳು ಓಣಿಗಳಲ್ಲೇ ಉಳಿದು, ಆ ಊರಿನದೇ ಚರಿತ್ರೆ ಎಂಬಂತೆ ಹೊರಗಿನವರಿಗೆ ಸಿಕ್ಕವು.

ಕೋಟೆಯ ಸುತ್ತಲ ವದಂತಿ

ಜಜೀರತ್ ಅಲ್ ಹಮ್ರಾದ ವದಂತಿಗಳನ್ನು ಒಟ್ಟುಗೂಡಿಸಿದರೆ ಕೆಲವೇ ಬಗೆಯವು. ರಾತ್ರಿ ಮಾತಿನ, ನರಳಾಟದ ಸದ್ದು. ಓಣಿಯ ತಿರುವಿನಲ್ಲಿ ಹಾದುಹೋಗುವ ನೆರಳು. ಮೇಕೆಯ ಅಥವಾ ಬೆಕ್ಕಿನ ರೂಪದ ಜಿನ್. ಗೋಡೆಗಳ ಮೇಲೆ ಕಾಣುವ ಅಂಗೈ ಗುರುತು. ಯಾರೋ ಹಿಂದೆ ನಿಂತಿದ್ದಾರೆಂಬ ಅನಿಸಿಕೆ. ಕಟ್ಟಡಗಳನ್ನು ಬಲ್ಲವರಿಗೆ ಇವುಗಳಲ್ಲಿ ಹಲವಕ್ಕೆ ಸರಳ ವಿವರಣೆ ಹೊಳೆಯುತ್ತದೆ. ಗಾಳಿಗೋಪುರವನ್ನು ಕಟ್ಟಿದ್ದೇ ಗಾಳಿಯನ್ನು ಕೆಳಗಿಳಿಸಲು. ಬಾಗಿಲು ಕಿಟಕಿಗಳು ಬಿದ್ದುಹೋದ ಮನೆಯಲ್ಲಿ ಅದೇ ಗಾಳಿ ಊಳಿಡುತ್ತದೆ. ಹಗಲು ಕಾದ ಜಂತೆಗಳೂ ಗೋಡೆಗಳೂ ರಾತ್ರಿ ತಣಿಯುವಾಗ ಚಟಪಟ ಸದ್ದು ಮಾಡುತ್ತವೆ. ಹವಳದ ಕಲ್ಲು ಕಡಲಿನ ತೇವವನ್ನು ಹೀರುತ್ತದೆ, ಒಳಗಿನ ಉಪ್ಪು ಹರಳುಗಟ್ಟಿ ಗಾರೆಯನ್ನು ಸಿಪ್ಪೆಯಂತೆ ಕಳಚುತ್ತದೆ, ಗೋಡೆಯ ತುಂಡು ಯಾರೂ ಮುಟ್ಟದೆ ಉದುರುತ್ತದೆ. ಗಾರೆಯನ್ನು ಕೈಯಿಂದ ಸವರಿದ ಕಡೆ ಬೆರಳಿನ ಗುರುತು ಉಳಿಯುವುದೂ ಅಚ್ಚರಿಯಲ್ಲ. ಸುತ್ತಲ ಬಯಲಿನಲ್ಲಿ ಬೆಕ್ಕು, ನರಿ, ಮೇಕೆಗಳಿಗೆ ಕೊರತೆಯಿಲ್ಲ.

ಸೈನಿಕ ಕಟ್ಟಡವೆಂಬ ಕಾರಣಕ್ಕೇ ಕೋಟೆಗೆ ದೆವ್ವ ಅಂಟಿಕೊಳ್ಳುತ್ತದೆ ಎನ್ನಲಾಗದು. ದುಬೈಯ ಅಲ್ ಫಾಹಿದಿ ಕೋಟೆ 1787ರದು. ಅರಸರ ನಿವಾಸ, ಮದ್ದುಗುಂಡಿನ ಕೋಠಿ, ಸೆರೆಮನೆ ಎಲ್ಲವೂ ಆಗಿ 1971ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಬುಧಾಬಿಯ ಕಸ್ರ್ ಅಲ್ ಹೊಸ್ನ್ 18ನೇ ಶತಮಾನದ ಕಾವಲು ಗೋಪುರವಾಗಿ ಆರಂಭಗೊಂಡು, ಅರಸರ ಮನೆಯಾಗಿ ಬೆಳೆದು, ದುರಸ್ತಿಯ ಬಳಿಕ 2018ರಲ್ಲಿ ಜನರಿಗೆ ತೆರೆಯಿತು. ಈ ಎರಡೂ ಕೋಟೆಗಳು ರಕ್ತ, ಸಂಚು, ಸೆರೆಗಳನ್ನು ಕಂಡವು, ಆದರೂ ದೆವ್ವದ ಕೋಟೆ ಎಂಬ ಹೆಸರು ಪಡೆಯಲಿಲ್ಲ. ಅಲ್ಲಿ ಜನರ ಓಡಾಟ ನಿಲ್ಲಲಿಲ್ಲ ಎಂಬುದೇ ಮುಖ್ಯ ವ್ಯತ್ಯಾಸ.

ಹೊಸ ಕಟ್ಟಡವೂ ಖಾಲಿ ಬಿದ್ದರೆ ಜಿನ್‌ನ ಮನೆಯಾಗುತ್ತದೆ ಎಂಬುದಕ್ಕೆ ರಾಸ್ ಅಲ್ ಖೈಮಾದ ಅಲ್ ಕಾಸಿಮಿ ಅರಮನೆ ಸಾಕ್ಷಿ. 1985ರಲ್ಲಿ ಕಟ್ಟಿದ, 35 ಕೋಣೆಗಳ ಈ ಅರಮನೆಯಲ್ಲಿ ಕಟ್ಟಿಸಿದವರು ಒಂದೇ ರಾತ್ರಿ ಕಳೆದು ಹೊರಟರು, ಕಿಟಕಿಗಳಲ್ಲಿ ಮಕ್ಕಳ ಮುಖ ಕಾಣುತ್ತದೆ ಎಂಬ ವದಂತಿ ವರ್ಷಗಟ್ಟಲೆ ನಡೆಯಿತು. ಒಳಗಿನ ಮನುಷ್ಯ, ಪ್ರಾಣಿಗಳ ಪ್ರತಿಮೆ ಮತ್ತು ಚಿತ್ರಗಳೇ ಜಿನ್‌ಗಳನ್ನು ಕರೆದವು ಎಂಬ ಮಾತೂ ಸೇರಿತು. ಈಚೆಗೆ ಅದು ಟಿಕೆಟ್ಟಿನ ಪ್ರವಾಸಿ ತಾಣವಾಗಿದೆ. ಶಾರ್ಜಾದ ಅಲ್ ಮದಾಂ ಬಳಿ 1970ರ ದಶಕದಲ್ಲಿ ಸರಕಾರ ಅಲೆಮಾರಿ ಕುಲದವರಿಗೆ ಕಟ್ಟಿಕೊಟ್ಟ ಎರಡು ಸಾಲು ಮನೆಗಳೂ ಒಂದು ಮಸೀದಿಯೂ ಇವೆ. ಬಾಗಿಲುಗಳ ಒಳಗೆ ಮರಳು ಸೊಂಟದೆತ್ತರ ಬಂದು ನಿಂತಿದೆ. ಅಲ್ಲಿನವರನ್ನು ಓಡಿಸಿದವಳು ಉಮ್ಮ್ ಅಲ್ ದುವೈಸ್ ಎನ್ನುತ್ತದೆ ಕಥೆ. ಮರಳಿನ ದಾಳಿ, ದೂರದ ಸೌಲಭ್ಯ, ನಗರದ ಸೆಳೆತಗಳ ಮಾತು ಆ ಕಥೆಯಲ್ಲಿ ಬರುವುದಿಲ್ಲ.

ಸಿನಿಮಾ ಮತ್ತು ಸಂರಕ್ಷಣೆ

ಜಜೀರತ್ ಅಲ್ ಹಮ್ರಾದ ಕಥೆಗೆ ಲೋಕಪ್ರಚಾರ ಕೊಟ್ಟದ್ದು ಸಿನಿಮಾ. ಅಬುಧಾಬಿಯ ಇಮೇಜ್ ನೇಶನ್ ಸಂಸ್ಥೆ ನಿರ್ಮಿಸಿದ ‘ಜಿನ್’ ಚಿತ್ರ 2013ರ ಅಬುಧಾಬಿ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಹಾಳುಬಿದ್ದ ಮೀನುಗಾರರ ಊರಿನ ಜಾಗದಲ್ಲಿ ಎದ್ದ ಬಹುಮಹಡಿ ಕಟ್ಟಡಕ್ಕೆ ಬಂದ ಎಮಿರಾಟಿ ದಂಪತಿಯ ಕಥೆ ಅದು. ನಿರ್ದೇಶಕ ಟೋಬಿ ಹೂಪರ್, 1974ರ ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ ಖ್ಯಾತಿಯವನು. 2017ರಲ್ಲಿ ತೀರಿಕೊಂಡ ಆತನ ಕೊನೆಯ ಚಿತ್ರ ಇದು. ಆ ಬಳಿಕ ವಾರಾಂತ್ಯಗಳಲ್ಲಿ ಟಾರ್ಚು ಹಿಡಿದು ದುಬೈಯಿಂದ ಬರುವ ಯುವಕರ ಸಂಖ್ಯೆ ಏರಿತು.

ಊರು ಅಳಿಯದೆ ಉಳಿದದ್ದರ ಹಿಂದೆಯೂ ವಲಸೆಯೇ ಇದೆ. 1970ರ ನಂತರದ ಎಣ್ಣೆಯ ಹಣ ಕೊಲ್ಲಿಯ ಹಳೆಯ ಕಡಲೂರುಗಳನ್ನು ಕೆಡವಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿತು. ದುಬೈಯ ಗಾಳಿಗೋಪುರಗಳ ಕೇರಿ ಬಸ್ತಕಿಯಾದ ಒಂದು ಭಾಗ 1980ರ ದಶಕದಲ್ಲಿ ನೆಲಸಮವಾಯಿತು. ಉಳಿದ ಭಾಗ ಬದುಕಿದ್ದು ಸಂರಕ್ಷಣೆಗಾಗಿ ಕೂಗೆದ್ದ ಮೇಲೆ. ಜಜೀರತ್ ಅಲ್ ಹಮ್ರಾದಲ್ಲಿ ಕೆಡವಿ ಕಟ್ಟುವ ಮನೆಯವರೇ ಇರಲಿಲ್ಲ. ಹಲವು ಕುಟುಂಬಗಳು ಹಕ್ಕನ್ನು ಬಿಟ್ಟುಕೊಡದೆ ಮನೆಗಳನ್ನು ಹಾಗೇ ಉಳಿಸಿಕೊಂಡವು. ಹೀಗಾಗಿ ಕೋಟೆ, ಪೇಟೆ, ಮಸೀದಿ, ಬಡವರ ಮನೆ, ಸಿರಿವಂತರ ಮನೆ ಎಲ್ಲ ಒಂದೇ ಕಡೆ ಉಳಿದ ಮುತ್ತಿನ ಊರು ಕೊಲ್ಲಿಯಲ್ಲಿ ಇಷ್ಟು ಪೂರ್ಣವಾಗಿ ಬೇರೊಂದು ಸಿಗುವುದು ಅಪರೂಪ.

ರಾಸ್ ಅಲ್ ಖೈಮಾದ ಪ್ರಾಚ್ಯವಸ್ತು ಇಲಾಖೆ ಕಳೆದ ದಶಕದಲ್ಲಿ ಇಲ್ಲಿ ದುರಸ್ತಿ ಕೈಗೊಂಡಿತು. ಕೋಟೆ, ಮಸೀದಿ, ಪೇಟೆ ಮತ್ತು ಆಯ್ದ ಮನೆಗಳನ್ನು ಹಳೆಯ ಸಾಮಗ್ರಿಯಿಂದಲೇ ಸರಿಪಡಿಸುವುದು ಅದರ ಕ್ರಮ. 2020ರಲ್ಲಿ ಊರು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ರಾಸ್ ಅಲ್ ಖೈಮಾದ ಕಲಾ ಉತ್ಸವ ಈಗ ಇದೇ ಓಣಿಗಳಲ್ಲಿ ನಡೆಯುತ್ತದೆ, ಮಾಡಿಲ್ಲದ ಕೋಣೆಗಳಲ್ಲಿ ಚಿತ್ರಗಳೂ ಛಾಯಾಚಿತ್ರಗಳೂ ತೂಗುತ್ತವೆ. ಸುತ್ತ ಅಲ್ ಹಮ್ರಾ ಹೆಸರಿನ ಹೋಟೆಲು, ಗಾಲ್ಫ್ ಮೈದಾನ, ಮಾಲ್‌ಗಳು ಎದ್ದಿವೆ. ತುಸು ದೂರದ ಕಡಲಿನಲ್ಲಿ ಅಲ್ ಮರ್ಜಾನ್ ಎಂಬ ಕೃತಕ ದ್ವೀಪವಿದೆ. ಕಲಾ ಉತ್ಸವಕ್ಕೆ ಬರುವವರಿಗೆ ಇಲ್ಲಿ ಮುತ್ತಿನ ದೋಣಿಗಳ, ಜಾಬ್ ಕುಲದ, 1968ರ ವಲಸೆಯ ವಿಷಯ ತಿಳಿಯುವ ಅವಕಾಶವಿದೆ. ಜಿನ್‌ಗಳ ಕಥೆಯೂ ಜೊತೆಗೇ ಸಾಗಿದೆ, ಆದರೆ ಊರು ಬರಿದಾದದ್ದಕ್ಕೆ ಕಾರಣವಾಗಿ ಅಲ್ಲ, ಬರಿದಾದದ್ದರ ಫಲವಾಗಿ.